ತಂತಿಯ ಪಕ್ಕದ ನೇರಳೆ

ನೇರಳೆ ಸಸಿಗೆ ಅಪ್ಪ ಕೊಟ್ಟದ್ದು ಎರಡು ಅಂಗಿ ಇಸ್ತ್ರಿ ಮಾಡಿದ ಕೂಲಿ. ಮರವಾಗಿ ಹಣ್ಣು ಬಿಟ್ಟ ಮೊದಲ ವರ್ಷವೇ ಅದು ಕೆಡಿಸಿದ್ದು ಲಾಡ್ಜಿನ ಆರು ಬಿಳಿ ಬೆಡ್‌ಶೀಟು.

ನಮ್ಮದು ಬಟ್ಟೆ ಒಗೆಯುವ ಮನೆ. ಹಿತ್ತಲಲ್ಲಿ ಒಗೆಯುವ ಕಲ್ಲು, ಅದರಾಚೆ ಒಣಹಾಕುವ ತಂತಿ, ಅದರ ಮೇಲೆ ಕೈಚಾಚಿದ ನೇರಳೆ. ಚಿಕ್ಕಂದಿನಲ್ಲಿ ತಿಂದ ಆ ಹಣ್ಣಿನ ರುಚಿ ಅಪ್ಪನ ನಾಲಿಗೆ ಬಿಟ್ಟಿರಲಿಲ್ಲ. ಬಟ್ಟೆ ಜಾಲಿಸಿದ ಕೊನೆಯ ನೀರನ್ನು, ಸಾಬೂನಿನ ನೊರೆ ಇಲ್ಲದ್ದನ್ನು, ತಪ್ಪದೆ ಅದರ ಬುಡಕ್ಕೆ ಹೊಯ್ದು ಬೆಳೆಸಿದ್ದ.

"ಬೆಣ್ಣೆ ಅಂಗಡಿಯವನು ಬೆಕ್ಕು ಸಾಕ್ದಂಗಾಯ್ತು," ಎನ್ನುತ್ತಿದ್ದಳು ಅಮ್ಮ.

ಲಾಡ್ಜಿನ ಮ್ಯಾನೇಜರ್ ಕಲೆಯಾದ ಶೀಟನ್ನು ಮೇಜಿನ ಮೇಲೆ ಹರಡಿದ. "ಇನ್ನೊಂದ್ಸಲ ಹೀಗಾದ್ರೆ ಬೇರೆಯವರಿಗೆ ಕೊಡ್ತೀನಿ, ಯಜಮಾನ್ರೇ."

ಲಾಡ್ಜು ಹೋದರೆ ನಮ್ಮ ಅರ್ಧ ಅನ್ನ ಹೋದಂತೆ. ಅಪ್ಪ ಒಲ್ಲದ ಮನಸ್ಸಿನಿಂದ ತಂತಿಯ ಮೇಲಿದ್ದ ಕೊಂಬೆಯನ್ನು ಕಡಿದ.

ಮರುದಿನ ನೋಡಿದರೆ, ಆ ಕೊಂಬೆಯಲ್ಲಿ ಕೂರುತ್ತಿದ್ದ ಪಿಕಳಾರ ಹಕ್ಕಿಗಳೆಲ್ಲ ತಂತಿಯ ಮೇಲೇ ಸಾಲಾಗಿ ಕೂತಿದ್ದವು. ಮರದಿಂದ ಹಣ್ಣು ಕಚ್ಚಿ ತಂದು, ಅಲ್ಲೇ ತಿಂದು, ಒದ್ದೆ ಶೀಟಿನ ಮೇಲೇ ಬೀಜ ಉಗಿಯುತ್ತಿದ್ದವು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ನಿಮ್ಮ ನೆಂಟ್ರು ಕೂತಿದ್ದ ಮಣೆ ಕಿತ್ಕೊಂಡ್ರಿ. ಅವ್ರು ಹಾಸಿಗೆ ಮೇಲೇ ಬಂದು ಕೂತ್ರು!"

"ನಾಳೆ ಬುಡಕ್ಕೇ ಕೊಡಲಿ ಹಾಕ್ತೀನಿ," ಎಂದ ಅಪ್ಪ, ಮರದ ಕಡೆ ನೋಡದೆ.

ಅಮ್ಮನ ನಗು ನಿಂತಿತು. "ಸುಮ್ನಿರಿ. ಹಕ್ಕಿಗೆ ನೆರಳು ಬೇಕು, ಶೀಟಿಗೆ ಬಿಸಿಲು ಬೇಕು. ತಂತಿ ಬಿಚ್ಚಿ ತಾರಸಿ ಮೇಲೆ ಕಟ್ಟಿ."

"ಒದ್ದೆ ಶೀಟು ಹೊತ್ಕೊಂಡು ಮೆಟ್ಲು ಹತ್ತೋರು ಯಾರೇ?"

"ಹಣ್ಣು ತಿನ್ನೋರು."

ಅಂದಳು, ಹತ್ತಿದಳು, ವರ್ಷಗಟ್ಟಲೆ. ಸೊಂಟದ ಮೇಲೆ ಬುಟ್ಟಿ, ಬಾಯಲ್ಲಿ ಒಂದು ಹಣ್ಣು. ಮೇಲೆ ತಲುಪಿ ಬೀಜವನ್ನು ಹಿತ್ತಲಿಗೆ ಉಗಿದು, "ನಾನೂ ಒಂದು ಹಕ್ಕೀನೇ," ಎನ್ನುವಳು. ಸಂಜೆ ಮರದಡಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ನಾಲಿಗೆ ಚಾಚಿ ನಮಗೆ ನೇರಳೆ ಬಣ್ಣ ತೋರಿಸುವಳು. ಕತ್ತಲಾಗುವಾಗ ಬಾವಲಿಗಳು ಬಂದರೆ, "ಎರಡನೇ ಪಂಕ್ತಿ ಬಂತು, ಏಳ್ರೋ," ಎಂದು ನಮ್ಮನ್ನು ಎಬ್ಬಿಸುವಳು.

ಈಗ ಈ ಕಸುಬು ನನ್ನದು. ಬಟ್ಟೆ ಒಣಗಿಸಲು ಯಂತ್ರವಿದೆ. ತಾರಸಿಯ ತಂತಿ ಖಾಲಿ. ಕಡಿದ ಜಾಗದಲ್ಲಿ ಒಡೆದ ಚಿಗುರು ಮೊದಲಿಗಿಂತ ದಪ್ಪ ಕೊಂಬೆಯಾಗಿದೆ. ಅಲ್ಲಿ ಪಿಕಳಾರ ಗೂಡು ಕಟ್ಟುತ್ತದೆ. ಹಕ್ಕಿ ತಿಂದು ಬಿಟ್ಟದ್ದು ನಮಗೆ, ಅದೂ ಬುಟ್ಟಿಗಟ್ಟಲೆ.

ಲಾಡ್ಜು ಉಳಿಯಿತು, ಮರ ಉಳಿಯಿತು. ಅಮ್ಮನ ಮೊಣಕಾಲು ಉಳಿಯಲಿಲ್ಲ.