ಹೆಸರಿಲ್ಲದೆ ಹುಡುಕದು

೧೯೯೯ರಲ್ಲಿ ಚಾಮರಾಜನಗರದ ನನ್ನ ಎಸ್‌ಟಿಡಿ ಬೂತಿಗೆ ಇಂಟರ್ನೆಟ್ ಬಂದಾಗ ನನಗೆ ಸ್ವಲ್ಪ ತಲೆ ತಿರುಗಿತ್ತು. ಮೈಸೂರಿನ ಟೆಲಿಫೋನ್ ಡೈರೆಕ್ಟರಿ ಪೂರ್ತಿ ಅದರಲ್ಲಿತ್ತು. ಹೆಸರು ಹಾಕಿದರೆ ನಂಬರು, ಬಡಾವಣೆ ಎಲ್ಲ ಬರುತ್ತಿತ್ತು. ಬಂದವರ ಮುಂದೆಲ್ಲ ಇದನ್ನೇ ಕೊಚ್ಚಿಕೊಳ್ಳುತ್ತಿದ್ದೆ.

ಆ ಸುದ್ದಿ ಕೇಳಿಯೇ ತೆರಕಣಾಂಬಿಯ ಸೊಸೆ ಮಲ್ಲಾಜಮ್ಮ ಬಂದಳು. ಗಂಡ ಮೈಸೂರು ಸೇರಿ ಎರಡು ವರ್ಷ. ಅವಳನ್ನು ಬಿಡಲು ಅವನು ಒಪ್ಪಿದ್ದಾನೆಂದು ಅತ್ತೆ ಮನೆಯವರು ಊರ ನ್ಯಾಯ ಕೂಡಿಸಿದ್ದರು. ಅವತ್ತು ಸಂಜೆಯೇ ತಾಳಿ ಬಿಚ್ಚಿಕೊಟ್ಟು ತವರಿಗೆ ಹೊರಡಬೇಕು.

“ಅವ್ರ ಬಾಯಿಂದ್ಲೇ ಕೇಳ್ಬೇಕಣ್ಣ. ಅವ್ರೇ ಬ್ಯಾಡ ಅಂದ್ರೆ ಓಗ್ಬುಡ್ತೀನಿ.”

“ಹೆಸ್ರು ಹೇಳಮ್ಮ.”

ತಲೆ ತಗ್ಗಿಸಿದಳು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದಂತೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೇಳಿದವಳಲ್ಲ. ಬರೆದುಕೊಡೋಣವೆಂದರೆ ಅಕ್ಷರ ಬಾರದು.

“ನಮ್ ಮಾದಪ್ಪ ಇಲ್ವಾ, ಅವ್ನ್ದೇ ಇನ್ನೊಂದು ಹೆಸ್ರು ಕಣಣ್ಣ.”

ಶಂಭುಲಿಂಗಪ್ಪ ಎಂದೆ. ಅಲ್ಲ. ಶಿವಮಲ್ಲಪ್ಪ? ಅದೂ ಅಲ್ಲ. ಶಿವನಿಗೆ ಸಾವಿರ ಹೆಸರು, ಗಂಟೆ ಆಗಲೇ ಮೂರು ದಾಟಿತ್ತು.

“ಇದ್ಕೆ ಒಗಟೆಲ್ಲ ತಿಳಿಯಲ್ಲ ಕಣಮ್ಮ! ಹೆಸ್ರು ಬೇಕು!” ಎಂದು ಗದರಿಬಿಟ್ಟೆ.

ಅವಳು ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು.

“ಗಂಗಾಧರಸ್ವಾಮಿ.”

ಹೇಳಿದ್ದೇ ತಡ, “ತಪ್ಪಾಯ್ತು ಮಾದಪ್ಪ” ಎಂದು ಕೆನ್ನೆ ಬಡಿದುಕೊಂಡಳು.

ಏಳು ಜನ ಸಿಕ್ಕರು. ಕೆಸರೆ ಬಡಾವಣೆಯಲ್ಲಿ ಒಬ್ಬನೇ. “ಅಲ್ಲೇ ಕಣಣ್ಣ, ಕೆಸರೇಲೇ ಅವ್ರೆ ಅಂತಿದ್ರು!” ಎಂದಳು. ಗೆದ್ದೆನೆಂದು ನಾನೂ ಹಿಗ್ಗಿದೆ. ಇದ್ದದ್ದು ಒಂದೇ ಲೈನು. ಇಂಟರ್ನೆಟ್ ಕಡಿದು, ನಂಬರು ಒತ್ತಿ, ರಿಸೀವರನ್ನು ಅವಳ ಕೈಗೆ ಕೊಟ್ಟೆ.

ಎತ್ತಿದ್ದು ಒಬ್ಬ ಹೆಂಗಸು. ದನಿ ನನಗೂ ಕೇಳುತ್ತಿತ್ತು. ಯಾರೆಂದು ಕೇಳಿದಳು.

“ತೆರಕಣಾಂಬಿಯಿಂದ,” ಎಂದಳು ಮಲ್ಲಾಜಮ್ಮ.

ಆ ಹೆಂಗಸು ಒಳಕ್ಕೆ ತಿರುಗಿ ಕೂಗಿದಳು: “ಗಂಗಾಧರಾ, ನಿಂಗೇ ಫೋನು ಕಣೋ, ನಿಮ್ಮೂರಿಂದ! ಮಗೂನ ಇಲ್ಲಿ ಕೊಟ್ಟು ಬಾ!”

ಮಲ್ಲಾಜಮ್ಮ ರಿಸೀವರ್ ಇಟ್ಟುಬಿಟ್ಟಳು. ಅವನು ಬರುವವರೆಗೂ ಕಾಯಲಿಲ್ಲ. ಹುಡುಕಿ ಕೊಟ್ಟೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸೆರಗಲ್ಲಿ ಮುಖ ಒರೆಸಿಕೊಂಡು ನಾಲ್ಕರ ಬಸ್ಸಿಗೆ ಎದ್ದಳು. ಬಾಗಿಲಲ್ಲಿ ನಿಂತು ಕೇಳಿದಳು:

“ಅವ್ಳು ಕರುದ್ರೆ ಆಯಸ್ಸು ಕಮ್ಮಿ ಆಗಲ್ವೇನಣ್ಣ?”