ಹೆಬ್ಬೆರಳಿನ ಪರೀಕ್ಷೆ

ಮ್ಯಾನೇಜರು ಏಣಿಯ ಮೇಲೆ ಲೋಟದ ನೀರು ಸುರಿದರು. ಹನಿಗಳು ಮಣಿಮಣಿಯಾಗಿ ಉರುಳಿಹೋದವು. ಸುತ್ತ ನಿಂತವರೆಲ್ಲ ತಲೆದೂಗಿದರು. ಮಂಜುಗಡ್ಡೆ ಅಂಟದಂತೆ ಲೇಪ ಬಳಿಯುವ ಅಕ್ಕ ಮಾತ್ರ ಮೂಗರಳಿಸಿದಳು. ಬೂಟ್ ಪಾಲಿಶಿನ ವಾಸನೆ.

ಕೇಳಿದರೂ ರಜೆ ಕೊಡದ ಮ್ಯಾನೇಜರು ನಿನ್ನೆ, ಈ ಏಣಿಗೆ ಲೇಪ ಬಳಿಯುವ ದಿನ, ಅವಳಿಗೆ ಕೇಳದೆಯೇ ಕೊಟ್ಟಿದ್ದರು. ಮೂರು ಡಬ್ಬಿ ಲೇಪ ಹಿಡಿಯುವ ಏಣಿ. ಹಿತ್ತಲಲ್ಲಿ ಬಿದ್ದಿದ್ದು ಒಂದೇ ಖಾಲಿ ಡಬ್ಬಿ. ನಾಳೆ ಬೆಟ್ಟದ ವಿದ್ಯುತ್ ಗೋಪುರದಲ್ಲಿ, ಹೆಪ್ಪುಗಟ್ಟುವ ಚಳಿಯಲ್ಲಿ, ಅದನ್ನು ಮೊದಲು ಹತ್ತುವವನು ಅವಳ ತಮ್ಮ. ಮೆಟ್ಟಿಲಿಗೆ ಮಂಜುಗಡ್ಡೆ ಅಂಟಿಕೊಂಡರೆ ಕಾಲು ಜಾರಿತೆಂದೇ ಲೆಕ್ಕ.

"ಅಕ್ಕಾ, ನೀನು ಮೊಸರಲ್ಲೂ ಕಲ್ಲು ಹುಡುಕೋಳು," ಎಂದ ತಮ್ಮ, ಗೋಪುರ ಹತ್ತುವವರು ಕಟ್ಟುವ ಸೊಂಟದ ಪಟ್ಟಿ ಸರಿಮಾಡಿಕೊಳ್ಳುತ್ತ.

"ಸಿಕ್ಕಿದರೆ ಉಳಿಯೋದು ನಿನ್ನ ಹಲ್ಲೇ. ಸುಮ್ಮನಿರು."

ಏಣಿಯ ಜೊತೆಗೇ ಬಳಿದಿದ್ದ ಬಿಡಿ ಮೆಟ್ಟಿಲೊಂದನ್ನು ಅವಳು ಸೆರಗಿನಡಿ ಕ್ಯಾಂಟೀನಿಗೆ ಸಾಗಿಸಿದಳು. ಬಾಟಲಿ ಮುಚ್ಚಳಕ್ಕೆ ತುಳುಕುವಷ್ಟು ನೀರು ತುಂಬಿ, ಮೆಟ್ಟಿಲನ್ನು ಅದರ ಮೇಲೆ ಕವುಚಿ ಫ್ರೀಜರಿನಲ್ಲಿಟ್ಟಳು. ಅವಳಿಗಿಂತ ಹಿರಿಯ ಕೆಲಸಗಾರರ ಪರೀಕ್ಷೆ ಇದು: ಲೇಪ ಅಸಲಿಯಾದರೆ ಗಡ್ಡೆಕಟ್ಟಿದ ಮುಚ್ಚಳ ಹೆಬ್ಬೆರಳಿನ ಒಂದೇ ನೂಕಿಗೆ ಕಳಚಿ ಬೀಳಬೇಕು. ಸರ್ಟಿಫಿಕೇಟ್ ಅಚ್ಚುಹಾಕುವ ಯಂತ್ರ ಬಂದ ಮೇಲೆ ಹೆಬ್ಬೆರಳು ಮೂಢನಂಬಿಕೆಯಾಗಿತ್ತು.

ಊಟದ ಹೊತ್ತಿಗೆ ತೆಗೆದು ನೂಕಿದಳು. ಮುಚ್ಚಳ ಅಲುಗಲಿಲ್ಲ. ಎರಡೂ ಹೆಬ್ಬೆರಳು ಕೂಡಿಸಿ ನೂಕಿದಳು. ಉಗುರು ನೊಂದಿತೇ ಹೊರತು ಗಡ್ಡೆ ಬಿಡಲಿಲ್ಲ. ಪಾಲಿಶಿಗೆ ನೀರು ಜಾರುತ್ತದೆ, ಮಂಜುಗಡ್ಡೆ ಕಚ್ಚಿಕೊಳ್ಳುತ್ತದೆ. ಹಲ್ಲು ಕಚ್ಚಿ ಮ್ಯಾನೇಜರ ಮೇಜಿನ ಮೇಲೆ, ಸರ್ಟಿಫಿಕೇಟಿನ ಮೇಲೆಯೇ, ಮೆಟ್ಟಿಲನ್ನು ಇಟ್ಟಳು.

"ಬಿಡಿಸಿ ನೋಡೋಣ, ಸಾರ್."

"ಏನಮ್ಮ ಇದು? ಫ್ರಿಜ್ಜಿನ ಮಂಜು ಬೇರೆ, ಬೆಟ್ಟದ ಮಂಜು ಬೇರೆ."

"ಹೌದು ಸಾರ್, ಬೆಟ್ಟದ್ದು ಇನ್ನೂ ಗಟ್ಟಿ. ಏಣಿಗೆ ನಿಜವಾಗಿ ಎಷ್ಟು ಡಬ್ಬಿ ಹೋಯ್ತು?"

"ಅದು ನಿನ್ನ ಕೆಲಸ ಅಲ್ಲ."

"ಹಾಗಾದರೆ ನಾಳೆ ಮೊದಲು ನೀವೇ ಹತ್ತಿ. ಕೆಳಗೆ ನಾನು ಏಣಿ ಹಿಡ್ಕೊಂಡಿರ್ತೀನಿ."

ಬಾಗಿಲಲ್ಲಿ ಬಳಿಯುವವರು, ಹತ್ತುವವರು ಎಲ್ಲ ಬಂದು ನಿಂತಿದ್ದರು. ಮ್ಯಾನೇಜರು ನಗಲು ನೋಡಿದರು, ಯಾರೂ ಜೊತೆಗೂಡಲಿಲ್ಲ. ಕೊನೆಗೆ ಮುಚ್ಚಳಕ್ಕೆ ಹೆಬ್ಬೆರಳು ಒತ್ತಿದರು. ಮತ್ತೆ ಒತ್ತಿದರು. ಬೆರಳು ಕೆಂಪಾಯಿತು. ಮುಚ್ಚಳ ಅಲ್ಲೇ ಇತ್ತು.

ಗುಂಪಿನ ಹಿಂದಿನಿಂದ ಕಟಕ್ ಎಂದು ಸದ್ದಾಯಿತು. ತಮ್ಮ ಸೊಂಟದ ಪಟ್ಟಿ ಬಿಚ್ಚಿ, ಮುಂದೆ ಬಂದು ಮೇಜಿನ ಮೇಲೆ ಮೆಟ್ಟಿಲಿನ ಪಕ್ಕಕ್ಕೆ ಇಟ್ಟ. ಅವನ ಹಿಂದೆ ಇನ್ನೊಬ್ಬ ತನ್ನದನ್ನು ಬಿಚ್ಚಿದ.