ಅಕ್ಕನ ಎತ್ತರ

ಅಕ್ಕನ ಚೀಲದ ಜಿಪ್ಪನ್ನು ತಮ್ಮ ಎಳೆಯುತ್ತಿದ್ದಂತೆ ರಬ್ಬರಿನ ವಾಸನೆ ಮುಖಕ್ಕೆ ಬಂತು. ಚಿಕ್ಕಂದಿನಲ್ಲಿ ಇಬ್ಬರೂ ಮಲಗುತ್ತಿದ್ದ ಕೋಣೆಯಲ್ಲಿ, ಮಂಚದ ಕೆಳಗಿನ ಚೆಂಡಿನಿಂದ ಬರುತ್ತಿದ್ದದ್ದು ಇದೇ ವಾಸನೆ. ಅವನು ತಂಡದ ನೀಲಿ ಜೆರ್ಸಿಯನ್ನು ತೆಗೆದು, ತೊಡೆಯ ಮೇಲೆ ಹರಡಿ ಸುಕ್ಕು ನೇವರಿಸಿದ. ಅದನ್ನೇ ಅವಳಿಗೆ ಹೊದಿಸಬೇಕೆಂದಿದ್ದ.

ಹಜಾರದಿಂದ ಬಡಗಿ ಕರೆದ. "ಸ್ವಲ್ಪ ಬರ್ತೀರಾ?"

ಶವಪೆಟ್ಟಿಗೆ ಬಂದಿತ್ತು. ಅದನ್ನು ಮಂಚದ ಮಗ್ಗುಲಲ್ಲೇ ಇಟ್ಟಿದ್ದರು. ಮಂಚದ ಮೇಲೆ ಮಲಗಿಸಿದ್ದ ಅಕ್ಕನ ಪಾದ ಪೆಟ್ಟಿಗೆಯ ಅಂಚನ್ನು ನಾಲ್ಕು ಬೆರಳು ದಾಟಿತ್ತು.

"ನೀವು ಹೇಳಿದ ಅಳತೆಗೇ ಮಾಡಿದ್ದು," ಎಂದ ಬಡಗಿ, ದನಿ ತಗ್ಗಿಸಿ. "ನಿಮ್ಮಷ್ಟೇ ಎತ್ತರ ಅಂದಿದ್ರಿ."

"ನನ್ನಷ್ಟೇ ಇದ್ಲಲ್ಲ."

ಗೋಡೆಗೆ ಒರಗಿ ನಿಂತಿದ್ದ ಹೆಂಗಸು ಅಲ್ಲವೆಂಬಂತೆ ತಲೆಯಾಡಿಸಿದಳು. ಕ್ಲಬ್ಬಿನಲ್ಲಿ ಅಕ್ಕನ ಜೊತೆ ವರ್ಷಗಟ್ಟಲೆ ಬ್ಯಾಸ್ಕೆಟ್‌ಬಾಲ್ ಆಡಿದವಳು. ಉದ್ದ ಕಾಲಿನ ಈ ಗೆಳತಿಯನ್ನು ಎಲ್ಲರೂ ಕೊಕ್ಕರೆ ಎಂದೇ ಕರೆಯುತ್ತಿದ್ದರು. "ನಿನ್ನಷ್ಟಾ? ನನಗಿಂತ ಎತ್ತರ ಕಣೋ ಅವಳು. ಅವಳ ಪಕ್ಕ ನಿಂತ್ರೆ ನಾನು ಗುಬ್ಬಿ." ನಗಲು ಹೋಗಿ ಕರವಸ್ತ್ರವನ್ನು ಬಾಯಿಗೊತ್ತಿಕೊಂಡಳು.

*

ಆ ಮನೆಯ ಬಾಗಿಲುಗಳು ಗಿಡ್ಡ. ಬೆಳೆಯುತ್ತಿದ್ದ ಮಗಳಿಗೆ ಅಮ್ಮ "ಬಗ್ಗೇ" ಎಂದು ಕೂಗುತ್ತಿದ್ದಳು. ಆಮೇಲೆ ಬಾಗಿಲಿಲ್ಲದ ಕಡೆಯೂ, ನೆಂಟರ ಮುಂದೆಯೂ ಅದೇ ಮಾತಾಯಿತು. "ಕಂಬದ ಹಾಗೆ ನಿಲ್ಬೇಡ್ವೇ. ನಿನ್ನ ಪಕ್ಕ ನಿಲ್ಲೋ ಗಂಡನ್ನ ಎಲ್ಲಿಂದ ತರ್ಲಿ?"

ಅಕ್ಕ ಭುಜ ಕುಗ್ಗಿಸಿ, ಕತ್ತು ಬಾಗಿಸಿ ನಿಲ್ಲುವುದನ್ನು ಕಲಿತಳು. ಕ್ಲಬ್ಬಿನವರು ಸಂಬಳ ಕೊಟ್ಟು ಆಡಲು ಕರೆದ ಮೇಲೂ, ಪತ್ರಿಕೆಯಲ್ಲಿ ಫೋಟೊ ಬಂದ ಮೇಲೂ, ಮನೆಯ ಹೊಸಿಲಿಗೆ ಬಂದೊಡನೆ ಕುಗ್ಗುತ್ತಿದ್ದಳು.

ತಮ್ಮ ಒಂದೇ ಸಲ ಆಟ ನೋಡಲು ಹೋಗಿದ್ದ. ಬ್ಯಾಸ್ಕೆಟ್ಟಿನ ಕೆಳಗೆ ಕೈಯೆತ್ತಿ ನೆಟ್ಟಗೆ ನಿಂತವಳನ್ನು ಕಂಡು, ಯಾರಪ್ಪ ಇವಳು ಅಂದುಕೊಂಡ. ಅವಳು ಚೆಂಡು ಹಿಡಿದು ಇತ್ತ ತಿರುಗಿದಾಗಲೇ ಗುರುತು ಹತ್ತಿದ್ದು. ಅಮ್ಮ ಒಮ್ಮೆಯೂ ಹೋಗಿರಲಿಲ್ಲ.

*

"ಮೊಣಕಾಲು ಒಂಚೂರು ಮಡಚಿದ್ರೆ ಸರಿಹೋಗುತ್ತೆ," ಎಂದ ಶವದ ವ್ಯಾನಿನವನು. "ಮೇಲೆ ಬಟ್ಟೆ ಹೊದಿಸ್ತೀವಲ್ಲ, ಯಾರಿಗೂ ಕಾಣಲ್ಲ. ಸ್ಮಶಾನದಲ್ಲಿ ಕಾಯ್ತಿದಾರೆ."

ತಮ್ಮ ಅಮ್ಮನ ಕಡೆ ನೋಡಿದ. ಬೆಳಗಿನಿಂದ ಮಗಳ ಕಾಲ ಬಳಿ ಕುಳಿತವಳು, ಈಗ ಆ ಮೊಣಕಾಲುಗಳ ಮೇಲಿನ ಆಪರೇಷನ್ ಗಾಯದ ಗೆರೆಗಳನ್ನು ನೋಡುತ್ತಿದ್ದಳು.

"ಬೇಡ. ನೆಟ್ಟಗೆ ಮಲಗ್ಲಿ."

"ತಡ ಆಗುತ್ತಮ್ಮ."

"ಆಗ್ಲಿ ಬಿಡಪ್ಪ."

ಬಡಗಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಟೇಪಿನ ಒಂದು ತುದಿಯನ್ನು ಅಕ್ಕನ ನೆತ್ತಿಯ ಬಳಿ ಕೊಕ್ಕರೆ ಹಿಡಿದಳು. ಇನ್ನೊಂದಕ್ಕೆ ಅಮ್ಮನೇ ಕೈಚಾಚಿದಳು. ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಟೇಪನ್ನು ಅಲ್ಲಿಯವರೆಗೂ ಎಳೆದಳು. ಬಡಗಿ ಓದಿದ ಅಳತೆಯನ್ನು ತಾನೂ ಒಮ್ಮೆ ಮೆಲ್ಲಗೆ ಹೇಳಿಕೊಂಡಳು.

ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದ ಮೇಲೆ ಗರಗಸದ ಸದ್ದು ಶುರುವಾಯಿತು. ವ್ಯಾನಿನವನು ಎಂಜಿನ್ ಆರಿಸಿ ಬಂದು, ಯಾರೂ ಹೇಳದೆಯೇ ಹಲಗೆಯ ಇನ್ನೊಂದು ತುದಿಯನ್ನು ಅದುಮಿ ಹಿಡಿದ.

ಪಕ್ಕದ ಮನೆಯಾಕೆ ಅಮ್ಮನಿಗೆಂದು ತಂದ ಊಟ ಮುಟ್ಟದೆ ಹಾಗೇ ಇತ್ತು. ಅಮ್ಮ ತಟ್ಟೆಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ಹಲಗೆ ಸೇರಿಸಿ ಉದ್ದ ಮಾಡಿದ ಪೆಟ್ಟಿಗೆಯನ್ನು ತಲೆಯಿಂದ ಕಾಲಿನವರೆಗೂ ನೋಡಿದಳು. ಆಮೇಲೆ, ಮರದ ಪುಡಿ ಮೆತ್ತಿದ ಬಡಗಿಯ ಕೈಗೆ ತಟ್ಟೆ ಕೊಟ್ಟಳು.